ಹೆಸರಿಗೆ ಆಗಿಬರದ ಬಣ್ಣ

ಮೊದಲ ಫೋನು ಬಡಿದುಕೊಂಡಾಗ ಶೈಲಜಾಳ ಬಾಯಲ್ಲಿ ಅರ್ಧ ಮಿರ್ಚಿ ಇತ್ತು.

ಹಿಟ್ನಾಳದ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಅವಳೂ ಸಹನಾಳೂ ಕೂತಿದ್ದರು. ರಸ್ತೆಯ ಆಚೆಗೆ ಅವರದೇ ಜಾಹೀರಾತು ಫಲಕ. ನಾಲ್ಕು ಊರು, ನಾಲ್ಕು ಕಾರಿನ ಷೋರೂಮು, ಕೆಳಗೆ ಒಂದೇ ಫೋನ್ ನಂಬರು. ಗಾಳಿಗೆ ಅದರ ಒಂದು ಮೂಲೆ ಹರಿದಿದೆ ಎಂದು ಯಾರೋ ಹೇಳಿದ್ದಕ್ಕೆ ನೋಡಲು ಬಂದಿದ್ದರು. ಹರಿದಿರಲಿಲ್ಲ. ಹಾಗಾಗಿ ಮಿರ್ಚಿ ತಿನ್ನಲು ಪುರುಸೊತ್ತು ಸಿಕ್ಕಿತ್ತು.

ಶೈಲಜಾ ಕೈಚೀಲಕ್ಕೆ ಕೈ ಹಾಕಿದಳು. ಒಳಗೆ ನಾಲ್ಕು ಹಳೆಯ ಸಣ್ಣ ಫೋನುಗಳು. ಒಂದೊಂದರ ಬೆನ್ನಿಗೂ ಮಗಳು ಹೇಮಾಳ ನೋಟ್‌ಬುಕ್ಕಿಗೆ ಅಂಟಿಸಿ ಉಳಿದ ಲೇಬಲ್ಲು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ.

ಹೊಡೆದುಕೊಳ್ಳುತ್ತಿದ್ದದ್ದು ಕೊಪ್ಪಳ.

"ಶೇಖರಮ್ಮನವರಾ?" ಗಂಡಸಿನ ಧ್ವನಿ, ಬೆಲ್ಲ ಸವರಿದ ಹಾಗಿತ್ತು. "ಹುಲಿಹೈದರದವರಲ್ಲೇನ್ರಿ? ಕಾರು ತಗೋಬೇಕಂತ ಕೇಳಿದ್ರಲ್ಲ?"

"ಹೌದ್ರಿ," ಎಂದಳು ಶೈಲಜಾ, ಮಿರ್ಚಿಯನ್ನು ಒಂದು ಕೆನ್ನೆಗೆ ತಳ್ಳಿ. "ಬಿಳೇದ ಬೇಕಾಗಿತ್ತ್ರಿ."

"ಬಿಳೇದ ಬ್ಯಾಡ್ರೀ ಅವ್ವಾರ. ನಿಮ್ಮ ಹೆಸರಿಗೆ ಬಿಳಿ ಆಗಿ ಬರಂಗಿಲ್ಲ. ನಿಮಗ ಕೆಂಪು ಛಲೋ. ನಮ್ಮ ಕಡೆ ಹೊಸಪೇಟ್ಯಾಗ ಕೆಂಪು ತಯಾರ ಐತಿ. ಕೊಪ್ಪಳದವರಿಗಿಂತ ಕಡಿಮಿಗೆ ಕೊಡಸ್ತೀನಿ."

"ಮನ್ಯಾಗ ಕೇಳಿ ಹೇಳ್ತೀನ್ರಿ," ಎಂದು ಅವಳು ಫೋನು ಇಡುವಷ್ಟರಲ್ಲಿ ಗಂಗಾವತಿ ಬಡಿದುಕೊಂಡಿತು. ಅದೇ ಧ್ವನಿ. ಈ ಸಲ ಅವನಿಗೆ ಮೈಮುನಬಿ ಬೇಕಾಗಿದ್ದಳು. ಅವಳಿಗೂ ಬಿಳಿ ಬೇಡವಂತೆ. ಅವಳ ಹೆಸರಿಗೆ ಬೂದು ಬಣ್ಣ. ಅರ್ಧ ಗಂಟೆಯಲ್ಲಿ ಕುಷ್ಟಗಿಯೂ ಯಲಬುರ್ಗಾವೂ ಹೊಡೆದುಕೊಂಡವು. ಶೈಲಜಾ ನಾಲ್ಕು ಹೆಂಗಸರಾಗಿ ನಾಲ್ಕು ಧ್ವನಿಯಲ್ಲಿ ಮಾತಾಡಿದಳು. ಕೊನೆಯವಳಿಗೆ ಕೆಮ್ಮೂ ಇತ್ತು.

ಚಹಾದಂಗಡಿಯ ತಿರುಪತಿ ಸೌಟು ಹಿಡಿದು ನಿಂತೇ ಬಿಟ್ಟ. "ಅಕ್ಕಾರ, ನಾಟಕದ ಕಂಪನ್ಯಾಗ ಇದ್ರೇನ್ರಿ?"

"ಮನ್ಯಾಗ ಮಗಳು ಅದಾಳಪ್ಪ. ಕತಿ ಹೇಳಿ ಹೇಳಿ ರೂಢಿ ಆಗೇತಿ."

ಸಹನಾ ನಗಲಿಲ್ಲ. ಅವಳ ಚಹಾ ಕೆನೆಗಟ್ಟಿತ್ತು.

"ಅಕ್ಕಾರ... ಇವು ಯಾವ ಹೆಸರು? ನನ್ನ ಸಾಫ್ಟ್‌ವೇರ್‌ನ್ಯಾಗ ಇಲ್ಲೇ ಇಲ್ಲಲ್ರಿ ಇವು."

"ಇಲ್ಲ. ಅದಕ್ಕ ನೀ ಬದುಕಿದಿ," ಎಂದು ಶೈಲಜಾ ಅವಳ ಕೈ ಹಿಡಿದಳು. ಬೇಸಿಗೆಯ ಹನ್ನೊಂದೂವರೆಯ ಬಿಸಿಲಲ್ಲೂ ಆ ಕೈ ತಣ್ಣಗಿತ್ತು.

ಸಹನಾ ಬರೆದ ಸಾಫ್ಟ್‌ವೇರಿನ ಹೆಸರು 'ಒಂದೇ ಫಲಕ'. ಒಬ್ಬೊಬ್ಬರೇ ಜಾಹೀರಾತು ಕೊಡಲು ಕೈಲಾಗದ ನಾಲ್ಕು ಷೋರೂಮುಗಳು ಸೇರಿ ಒಂದೇ ಜಾಹೀರಾತು ಕೊಡುವುದು. ಅದನ್ನು ನೋಡಿ ಫೋನು ಮಾಡಿದ ಗಿರಾಕಿಯನ್ನು ಅವನ ಊರಿಗೆ ಹತ್ತಿರದ ಷೋರೂಮಿಗೆ ಕಳಿಸುವುದು. ಮಾಲೀಕರನ್ನು ಒಪ್ಪಿಸುವ ಕೆಲಸ ಶೈಲಜಾಳದು. ಮೂರು ತಿಂಗಳು ನೋಡೋಣ ಎಂದು ನಾಲ್ವರೂ ಒಪ್ಪಿದ್ದರು. ಐದು ವಾರದಿಂದ ಈಚೆಗೆ, ಗಿರಾಕಿಗೆ ಷೋರೂಮಿನವರು ಫೋನು ಮಾಡುವ ಮೊದಲೇ ಬೇರೆ ಯಾರೋ ಮಾಡಿ ಹೊಳೆಯಾಚೆ ಹೊಸಪೇಟೆಗೆ ಕರೆದುಕೊಂಡು ಹೋಗುತ್ತಿದ್ದರು.

ನಾಲ್ಕೂ ಊರಿನ ಗಿರಾಕಿಗಳ ಹೆಸರು ಒಟ್ಟಿಗೆ ಕಾಣುವುದು ಒಬ್ಬಳಿಗೇ. ಸಹನಾಳಿಗೆ. ಗಂಗಾವತಿ ಷೋರೂಮಿನ ಪ್ರಭುರಾಜ ಹೋದ ವಾರವೇ ಮೇಜು ಗುದ್ದಿ ಹೇಳಿದ್ದ: ಗುರುವಾರ ನಾಲ್ಕು ಗಂಟೆಗೆ ಕೊಪ್ಪಳದಲ್ಲಿ ಸಭೆ, ಅಷ್ಟರಲ್ಲಿ ಕಳ್ಳ ಯಾರೆಂದು ತಿಳಿಯದಿದ್ದರೆ ಒಪ್ಪಂದವೂ ಇಲ್ಲ, ಈ ಹುಡುಗಿಯ ಮೇಲೆ ಠಾಣೆಯಲ್ಲಿ ದೂರು ಬೇರೆ.

ಇವತ್ತು ಗುರುವಾರ.

ಅದಕ್ಕೇ ಶೈಲಜಾ ಸೋಮವಾರ ಸಹನಾ ರಜೆಯಲ್ಲಿದ್ದಾಗ, ಕಂಪ್ಯೂಟರ್ ಕೆಟ್ಟಿದೆ ಎಂದು ಸುಳ್ಳು ಹೇಳಿ, ನಾಲ್ಕೂ ಊರಿಗೆ ಬಸ್ಸಿನಲ್ಲಿ ಸುತ್ತಿ ಮಾಲೀಕರ ಕೈಗೆ ಒಂದೊಂದು ಚೀಟಿ ಕೊಟ್ಟು ಬಂದಿದ್ದಳು. ಒಂದೊಂದರಲ್ಲೂ ಲೋಕದಲ್ಲಿ ಇಲ್ಲದ ಒಬ್ಬಳು ಹೆಂಗಸಿನ ಹೆಸರು, ಊರು, ನಂಬರು. ಯಾರ ಚೀಟಿಯ ಫೋನು ಹೊರಗಿನವನ ಕರೆಗೆ ಬಡಿದುಕೊಳ್ಳುತ್ತದೋ ಅವರ ಷೋರೂಮಿನಲ್ಲಿ ಕಳ್ಳ ಎಂಬುದು ಲೆಕ್ಕ.

ಲೆಕ್ಕ ತಪ್ಪಿತ್ತು. ನಾಲ್ಕೂ ಬಡಿದುಕೊಂಡಿದ್ದವು. ಆದರೆ ಒಂದಂತೂ ಗಟ್ಟಿಯಾಯಿತು. ಕಂಪ್ಯೂಟರನ್ನೇ ಮುಟ್ಟದ ಹೆಸರುಗಳು ಕಳುವಾಗಿವೆ ಎಂದರೆ ಸಹನಾ ಕಳ್ಳಿಯಲ್ಲ.

ಹುಡುಗಿಯ ಕಣ್ಣಿಂದ ನೀರಿಳಿಯಿತು. ಶೈಲಜಾ ತನ್ನ ಸೆರಗಿನಿಂದಲೇ ಒರೆಸಿದಳು.

"ಅಳಬ್ಯಾಡ. ಮುಗೀತು. ಅಂದಂಗ ಯುಗಾದಿಗೆ ಹೋಳಿಗಿ ಕೊಟ್ಟ ನಮ್ಮ ಡಬ್ಬಿ ಎಲ್ಲೆವ್ವಾ? ಹೇಮಾ ದಿನಾ ಕೇಳ್ತಾಳ, ನನ್ನ ಡಬ್ಬಿ ನನ್ನ ಡಬ್ಬಿ ಅಂತ."

"ಕೊಡ್ತೀನ್ರೀ ಅಕ್ಕಾರ," ಎಂದಳು ಸಹನಾ ಮೂಗು ಎಳೆದುಕೊಂಡು. "ಅವ್ವ ಬರಿ ಡಬ್ಬಿ ಕೊಡಬ್ಯಾಡ ಅಂದಾಳ. ಕುಷ್ಟಗ್ಯಾಗ ಶೇಂಗಾ ಉಂಡಿ ಕಟ್ಟಾಕತ್ತಾಳ."

ಶೈಲಜಾಳ ಮನಸ್ಸು ತುಂಬಿತು. ಬರಿ ಡಬ್ಬಿ ತಿರುಗಿ ಕೊಡಬಾರದು ಎಂದು ಗೊತ್ತಿರುವ ಮನೆಯ ಹುಡುಗಿ ಇನ್ನೊಬ್ಬರ ಗಿರಾಕಿಯನ್ನು ಕದಿಯುತ್ತಾಳೆಯೇ?

ಸಹನಾಳನ್ನು ಕೊಪ್ಪಳದ ಕಚೇರಿಯಲ್ಲಿ ಬಿಟ್ಟು, ಅವಳು ನೇರ ಕೊಟ್ರಬಸಪ್ಪನವರ ಷೋರೂಮಿಗೆ ನಡೆದಳು.

* * *

ಕೊಟ್ರಬಸಪ್ಪನವರು ಮೊದಲು ಗೊಬ್ಬರದ ಅಂಗಡಿ ಇಟ್ಟಿದ್ದವರು. ಅರವತ್ತು ದಾಟಿತ್ತು. ಕಾರು ಮಾರಲು ಶುರು ಮಾಡಿ ಆರು ವರ್ಷವಾದರೂ ಗಿರಾಕಿ ಬಂದರೆ "ಎಷ್ಟು ಎಕರೆ?" ಎಂದೇ ಮಾತು ತೆಗೆಯುತ್ತಿದ್ದರು. ಒಂದೇ ಫಲಕಕ್ಕೆ ಅವರನ್ನು ಒಪ್ಪಿಸಲು ಶೈಲಜಾ ಹನ್ನೊಂದು ಸಲ ಬಂದಿದ್ದಳು.

"ನನ್ನ ಗಿರಾಕಿನ್ನ ಒಯ್ದು ಪ್ರಭುರಾಜನ ಉಡ್ಯಾಗ ಹಾಕು ಅಂತೀಯಲ್ಲ ತಂಗಿ," ಎಂದು ಹತ್ತು ಸಲ ಕಳಿಸಿದ್ದರು. ಹನ್ನೊಂದನೆಯ ಸಲ ಅವಳು ತಲೆಯ ಮೇಲಿನ ಫ್ಯಾನು ತೋರಿಸಿ, "ಒಂದ ಫ್ಯಾನಿನ ಕೆಳಗ ನಾಲ್ಕು ಮಂದಿ ಮಲಕೊಂಡ್ರ ನಿಮ್ಮ ಪಾಲಿನ ಗಾಳಿ ಕಡಿಮಿ ಆಗತೈತೇನ್ರಿ ಸಾವ್ಕಾರ್ರ?" ಎಂದಿದ್ದಳು. ಅವರು ಬಹಳ ಹೊತ್ತು ಫ್ಯಾನನ್ನೇ ನೋಡಿ ಸಹಿ ಹಾಕಿದ್ದರು.

ಇವತ್ತು ಅವಳು ಕೂರುವ ಮೊದಲೇ ಕೇಳಿದಳು.

"ಸೋಮವಾರ ಒಂದು ಚೀಟಿ ಕೊಟ್ಟಿದ್ದೆ. ಹುಲಿಹೈದರದ ಶೇಖರಮ್ಮ. ಫೋನ್ ಮಾಡಿದ್ರೇನ್ರಿ?"

"ಮಾಡ್ತೀವಿ."

"ಮೂರು ದಿನ ಆತಲ್ರಿ."

"ಮಂದಿ ಕಡಿಮಿ ಅದಾರ ತಂಗಿ. ಮಾಡ್ತೀವಿ, ನಾಳಿ ಹನ್ನೊಂದು ಐವತ್ತಕ್ಕ ಮಾಡ್ತೀವಿ."

ಶೈಲಜಾ ಕುರ್ಚಿ ಎಳೆದುಕೊಂಡು ಕೂತಳು.

"ಹನ್ನೊಂದು ಐವತ್ತಕ್ಕ ಯಾಕ್ರಿ? ಹನ್ನೆರಡಕ್ಕ ಯಾಕಲ್ಲ?"

ಕೊಟ್ರಬಸಪ್ಪನವರು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟರು. ಆಮೇಲೆ ಅಡ್ಡ ಇಟ್ಟರು.

"ಸಾವ್ಕಾರ್ರ, ಯಾರು ಯಾವಾಗ ತೆಗದ್ರು ಅನ್ನೋ ಗುರುತು ಕಂಪ್ಯೂಟರ್‌ನ್ಯಾಗ ಉಳಿತೈತ್ರಿ, ನಾ ನೋಡೀನಿ. ಗಿರಾಕಿ ಹೆಸರು ಬಂದ ಐದು ನಿಮಿಷದಾಗ ನೀವು ತೆಗದು ನೋಡ್ತೀರಿ. ಆದ್ರ ಫೋನ್ ಮಾಡೋದು ಎರಡು ದಿನ ಬಿಟ್ಟು. ಆ ನಡುವ ಏನ್ ಮಾಡ್ತೀರಿ?"

"ಏನೂ ಇಲ್ಲ."

"ಬಿಳಿ ಕಾರು ಕೇಳಿದ ಶೇಖರಮ್ಮಗ ಯಾರೋ ಒಬ್ಬ ಇವತ್ತು ಕೆಂಪು ತಗೊಳ್ರಿ ಅಂದಾನ. ನಿಮ್ಮ ಹೆಸರಿಗೆ ಬಿಳಿ ಆಗಿ ಬರಂಗಿಲ್ಲ ಅಂದಾನ."

ಅವರ ಮುಖ ಒಮ್ಮೆಲೇ ಬಾಡಿತು. "ಕೆಂಪು ಅಂದನಾ? ಖರೇನ ಕೆಂಪು ಅಂದನಾ?"

"ನಿಮಗೂ ಕೆಂಪು ಅಂತ ಹೇಳ್ಯಾರೇನ್ರಿ? ಯಾರು ಹೇಳ್ಯಾರ?"

ಕೊಟ್ರಬಸಪ್ಪನವರು ಎದ್ದು ಹೋಗಿ ಗಾಜಿನ ಬಾಗಿಲು ಹಾಕಿ ಬಂದರು. ಕದ್ದು ಹುಡುಗಿ ನೋಡಲು ಹೋಗಿ ಸಿಕ್ಕಿಬಿದ್ದವರ ಹಾಗೆ ಧ್ವನಿ ತಗ್ಗಿಸಿದರು.

"ಮುನಿರಾಬಾದಿನ್ಯಾಗ ಪಂಪಣ್ಣಜ್ಜ ಅಂತ ಒಬ್ರು ಅದಾರ. ಹೆಸರುಬಲ ನೋಡ್ತಾರ. ಗಿರಾಕಿ ಹೆಸರಿಗೂ ಫೋನ್ ನಂಬರಿಗೂ ಕೂಡಿಸಿ, ಇವರಿಗೆ ಯಾವ ಬಣ್ಣ ಆಗತೈತಿ, ಯಾವ ಹೊತ್ತಿನ್ಯಾಗ ಮಾತಾಡಿಸಿದ್ರ ವ್ಯವಹಾರ ಕುದರತೈತಿ, ಎಲ್ಲಾ ಹೇಳ್ತಾರ. ರೊಕ್ಕ ಮುಟ್ಟಂಗಿಲ್ಲ. ಭಾಳ ಸಾತ್ವಿಕ ಮನಶ್ಯಾ."

"ಸಾಫ್ಟ್‌ವೇರಿಗೆ ಮೂರು ಬೀಗ ಹಾಕ್ರಿ ಅಂದವರು ನೀವು," ಎಂದಳು ಶೈಲಜಾ. ನಗು ಬರುತ್ತಿತ್ತು, ತಡೆದುಕೊಂಡಳು. "ಮತ್ತ ಗಿರಾಕಿ ಹೆಸರು, ನಂಬರು ನೀವಾಗೇ ಮುನಿರಾಬಾದಿಗೆ ಓದಿ ಹೇಳಿದ್ರಿ."

"ನಾ ಒಬ್ಬನ ಹೇಳೀನಿ. ಉಳಿದವರ ಹೆಸರು ಹೆಂಗ ಹೋದ್ವು? ಈ ಅಜ್ಜಾರ ವಿಷಯ ಅವರಿಗೆ ಯಾರಿಗೂ ಗೊತ್ತಿಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ."

ಶೈಲಜಾ ಗಂಗಾವತಿಗೆ ಫೋನು ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು.

"ಪ್ರಭುರಾಜಣ್ಣ, ನಮಸ್ಕಾರ್ರಿ. ಆ ಮೈಮುನಬಿ ಚೀಟಿ ಕೊಟ್ಟಿದ್ದೆನಲ್ಲ, ಅವರಿಗೆ ಯಾವಾಗ ಫೋನ್ ಮಾಡ್ತೀರಿ?"

"ಮೊದಲು ಕಳ್ಳನ್ನ ಹಿಡೀರಿ ನೀವು," ಎಂದ ಪ್ರಭುರಾಜ ಗಡುಸಾಗಿ. "ಫೋನ್ ನಾ ಮಾಡ್ತೀನಿ. ಶನಿವಾರ ನಾಲ್ಕು ಹತ್ತಕ್ಕ."

ಕೊಟ್ರಬಸಪ್ಪನವರು ಮೇಜಿಗೆ ಬಾಗಿ ಗುಡುಗಿದರು. "ಏ ಪ್ರಭು! ನೀನೂ ಮುನಿರಾಬಾದಿಗೆ ಹಚ್ಚೀಯೇನಲೇ?"

ಪ್ರಭುರಾಜನ ಗಡುಸು ಧ್ವನಿ ಇಳಿಯಿತು.

"...ನಿಮಗ ಹೆಂಗ ಗೊತ್ತಾತು ಕಾಕಾ?"

ಹತ್ತು ನಿಮಿಷದಲ್ಲಿ ಕುಷ್ಟಗಿಯ ಸುಭಾಷನೂ ಒಪ್ಪಿಕೊಂಡ. ಯಲಬುರ್ಗಾದ ಯಮನೂರಪ್ಪನಂತೂ, ತನ್ನ ಷೋರೂಮಿನ ಬಾಗಿಲು ಪೂರ್ವಕ್ಕೆ ತಿರುಗಿಸಿದ್ದೂ ಅಜ್ಜಾರು ಹೇಳಿಯೇ ಎಂದು ಕೇಳದಿದ್ದರೂ ಹೇಳಿದ. ನಾಲ್ವರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಒಂದೇ ಬಾಗಿಲು ತಟ್ಟಿದ್ದರು. ಅಜ್ಜಾರು ಹೇಳಿದ ಹೊತ್ತು ಕೂಡಿಬರಲಿ ಎಂದು ಕಾಯುತ್ತ ಕೂತಿದ್ದರು. ಆ ಎರಡು ದಿನವೇ ಕಳ್ಳನಿಗೆ ಸಾಕಾಗಿತ್ತು.

"ನಾಲ್ಕರ ಒಳಗ ಹೋಗಿ ಬರೋಣ," ಎಂದು ಶೈಲಜಾ ಎದ್ದಳು. "ಗಾಡಿ ತಗೀರಿ ಸಾವ್ಕಾರ್ರ."

"ಹಿಂದ ಕೂಡ್ತೀಯೋ ಮುಂದ ಕೂಡ್ತೀಯೋ?"

"ನನ್ನ ಹೆಸರಿಗೆ ಯಾವುದು ಆಗಿ ಬರತೈತಿ?"

ಅವರು ಮುಖ ಕೆಂಪಗೆ ಮಾಡಿಕೊಂಡು ಬೀಗದ ಕೈ ಹುಡುಕಿದರು.

* * *

ಮುನಿರಾಬಾದಿನ ನೀರಾವರಿ ಕಾಲೋನಿಯ ಹಿಂಬದಿಯಲ್ಲಿ, ಬೇವಿನ ಮರದ ಕೆಳಗೆ, ಎರಡು ಕೋಣೆಯ ಮನೆ. ಅಂಗಳ ಆಗಷ್ಟೇ ಗುಡಿಸಿದಂತಿತ್ತು. ಪಂಪಣ್ಣಜ್ಜ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಮೂವತ್ತು ವರ್ಷ ಕಾಲುವೆಯ ನೀರಿನ ಮಟ್ಟ ನೋಡಿ ಬರೆದುಕೊಂಡಿದ್ದವರು. ನಿವೃತ್ತರಾದ ಮೇಲೆ ಅಂಕಿಗಳ ಮೇಲಿನ ಪ್ರೀತಿ ಹೀಗೆ ತಿರುಗಿತ್ತು.

ಅವರ ಹೆಂಡತಿ ದುರುಗವ್ವ ಚಾಪೆ ಹಾಸಿ ನೀರು ಕೊಟ್ಟು ಒಳಗೆ ಹೋದಳು. ಗೋಡೆಯ ಮೇಲಿನ ಹಳೆಯ ಗಡಿಯಾರ ಢಣ್ ಢಣ್ ಎಂದು ಎರಡು ಹೊಡೆಯಿತು.

ಕೊಟ್ರಬಸಪ್ಪನವರು ಕೈಗಡಿಯಾರ ನೋಡಿಕೊಂಡರು. "ಇನ್ನೂ ಹತ್ತು ನಿಮಿಷ ಐತಲ್ರಿ ಅಜ್ಜಾರ?"

"ಅದು ಹತ್ತು ನಿಮಿಷ ಮುಂದ ಓಡತೈತಿ," ಎಂದರು ಅಜ್ಜ. "ನಾ ಸರಿ ಮಾಡಿಲ್ಲ. ಈ ವಯಸ್ಸಿನ್ಯಾಗ ಸ್ವಲ್ಪ ಮುಂದ ಇರೋದ ಛಲೋ. ಕೊಟ್ರಬಸಪ್ಪನ ಧ್ವನಿ ಅಲ್ಲೇನು? ಸಂಗಾಟ ಯಾರು?"

ಆಗ ಶೈಲಜಾ ಅವರ ಕಣ್ಣು ನೋಡಿದಳು. ಎರಡೂ ಕಣ್ಣಿಗೆ ಬಿಳಿಯ ಪೊರೆ ಕವಿದಿತ್ತು.

ಅವಳು ಇದ್ದದ್ದನ್ನೆಲ್ಲ ಹೇಳಿದಳು. ಚೀಟಿಗಳ ವಿಷಯ, ನಾಲ್ಕು ಫೋನುಗಳ ವಿಷಯ, ನಾಲ್ಕು ಗಂಟೆಗೆ ಒಬ್ಬ ಬಡ ಹುಡುಗಿಯ ತಲೆಯ ಮೇಲೆ ಬರಲಿರುವ ದೂರಿನ ವಿಷಯ.

"ನಾ ಯಾರಿಗೂ ಒಂದು ಹೆಸರು ಬಿಟ್ಟು ಕೊಟ್ಟಿಲ್ಲವ್ವಾ," ಎಂದರು ಅಜ್ಜ. "ಸಾವ್ಕಾರ್ರು ಫೋನಿನ್ಯಾಗ ಮಾತು ರಿಕಾರ್ಡ ಮಾಡಿ ಹೆಸರು ಕಳಸ್ತಾರ. ನಾ ಲೆಕ್ಕ ಹೇಳ್ತೀನಿ."

"ನಾಲ್ಕು ಊರಿನ ಹೆಸರು, ಹತ್ತತ್ತು ಅಂಕಿ ನಂಬರು. ಎಲ್ಲಾ ನೆನಪಿನ್ಯಾಗ ಇಟಗೊಂತೀರೇನ್ರಿ?"

"ಎಲ್ಲಿದವ್ವಾ. ಕಣ್ಣು ಹೋಗಿ ಎರಡು ವರ್ಷ ಆತು. ಬರಕೊಳ್ಳಾಕಿ ಒಬ್ಬಾಕಿ ಅದಾಳ. ಸಂಜಿಕಿ ಬರ್ತಾಳ. ಆ ರಿಕಾರ್ಡ ಹಚ್ಚಿ ಕೇಳಿ, ವಹಿಯಾಗ ಬರದು, ನನಗ ಓದಿ ಹೇಳ್ತಾಳ. ನನ್ನ ಲೆಕ್ಕ ತಪ್ಪಿದ್ರ ತಿದ್ದೂ ತಿದ್ದತಾಳ."

ಕೊಟ್ರಬಸಪ್ಪನವರು ಮುಂದೆ ಜರುಗಿದರು. "ಯಾರಕಿ?"

"ಹೆಸರು ಹೇಳಂಗಿಲ್ಲ."

"ಅಜ್ಜಾರ, ನಮ್ಮ ಹುಡುಗಿ ಬಾಳೇವು ಹಾಳಾಗತೈತ್ರಿ," ಎಂದಳು ಶೈಲಜಾ. "ಇಪ್ಪತ್ತಮೂರು ವರ್ಷ ಆಕಿಗೆ. ಮಾಡದ ತಪ್ಪಿಗೆ ಠಾಣೆ ಮೆಟ್ಟಲ ಹತ್ತಬೇಕೇನ್ರಿ?"

"ಈಕಿನೂ ಯಾರದೋ ಮಗಳ. ಮಾತು ಕೊಟ್ಟೀನಿ. ನನ್ನ ಹೆಸರು ಎಲ್ಲೂ ತೆಗೀಬ್ಯಾಡ್ರಿ ಅಂತ ಕೈ ಹಿಡಕೊಂಡು ಕೇಳ್ಯಾಳ. ಕೆಟ್ಟಾಕಿ ಅಲ್ಲ ಆಕಿ. ಕೆಟ್ಟಾಕಿ ಆಗಿದ್ರ ನನ್ನ ಕಾಲಿಗೆ ಎಣ್ಣಿ ಹಚ್ಚತಿದ್ದಿಲ್ಲ."

"ವಹಿ ಆದ್ರೂ ತೋರಸ್ರಿ."

"ವಹಿ ಆಕಿ ಸಂಗಾಟ ಒಯ್ತಾಳ."

ಹೀಗೇ ಕೇಳಿ ಕೇಳಿ ಮುಕ್ಕಾಲು ಗಂಟೆ ಹೋಯಿತು. ಕೊಟ್ರಬಸಪ್ಪನವರು ಬೇಡಿದರು, ಬೆದರಿಸಿದರು, ಕೊನೆಗೆ ತಮ್ಮ ಮೊಮ್ಮಗನ ಜಾತಕವನ್ನೂ ಕೇಳಿದರು. ಅಜ್ಜ ಜಾತಕದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟರು.

ಶೈಲಜಾಳಿಗೆ ಸಿಟ್ಟು ಬರಲಿಲ್ಲ. ಆ ಮನೆಯ ತಂಪು, ಒಳಗಿಂದ ಬರುತ್ತಿದ್ದ ಮಂಡಕ್ಕಿ ಒಗ್ಗರಣೆಯ ವಾಸನೆ, ಮಾತು ತಪ್ಪದ ಆ ಮುದುಕ, ಯಾವುದೂ ಕಳ್ಳರ ಮನೆಯ ಹಾಗಿರಲಿಲ್ಲ. ಹೆಸರು ಸಿಗದಿದ್ದರೂ ಚಿಂತೆಯಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಕಳ್ಳತನದ ದಾರಿ ಸಿಕ್ಕಿದೆ. ಸಾಕ್ಷಿ ಹೇಳಲು ಕೊಟ್ರಬಸಪ್ಪನವರಿದ್ದಾರೆ. ಸಹನಾ ಉಳಿದಳು. ರಾತ್ರಿ ಮಗಳಿಗೆ ಹೇಳಲು ಒಳ್ಳೆಯ ಕತೆಯೂ ಆಯಿತು.

ದುರುಗವ್ವ ಎರಡು ತಾಟಿನಲ್ಲಿ ಮಂಡಕ್ಕಿ ತಂದಿಟ್ಟಳು. "ಬಿಸಿಲಾಗ ಬಂದೀರಿ, ಹಂಗ ಹೋಗಬ್ಯಾಡ್ರಿ." ಮತ್ತೆ ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದು ಮುಚ್ಚಳ ತೆಗೆದಳು. "ಸಿಹಿನೂ ತಗೊಳ್ರಿ. ಮುಂಜಾನೆ ಕಟ್ಟೀನಿ."

ಶೇಂಗಾ ಉಂಡಿ.

"ಡಬ್ಬಿ ನಮ್ಮದಲ್ಲ," ಎಂದು ದುರುಗವ್ವ ನಕ್ಕಳು. "ಸಂಜಿಕಿ ಬರೋ ನಮ್ಮ ಹುಡುಗಿ ತಂದಿದ್ದು, ಯಾರೋ ಅಕ್ಕಾರು ಕೊಟ್ಟಿದ್ದಂತ. ಬರಿ ಡಬ್ಬಿ ಹೆಂಗ ಕೊಡೋದು ಅಂತ ತುಂಬಿಟ್ಟೀನಿ. ನಾಕು ತಗದ್ರ ಏನಾತು, ಸಂಜಿಕಿ ಮತ್ತ ನಾಕು ಕಟ್ಟಿ ಹಾಕ್ತೀನಿ."

ಶೈಲಜಾ ಡಬ್ಬಿಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಎತ್ತಿ, ತಳ ನೋಡಿದಳು.

ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಹೊಡೆದಿದ್ದ ಅಕ್ಷರಗಳು. 'ಚಿ. ಹೇಮಾ. ತೊಟ್ಟಿಲು. 12-5-2004.' ಕೊನೆಯ ನಾಲ್ಕರ ಕಾಲು ಸ್ವಲ್ಪ ಸೊಟ್ಟ. ಹನ್ನೆರಡು ವರ್ಷದಿಂದ ಅವಳು ದಿನಾ ತಿಕ್ಕಿ ತೊಳೆದ ಡಬ್ಬಿ. ಯುಗಾದಿಯ ಮರುದಿನ ಹೋಳಿಗೆ ತುಂಬಿ ಸಹನಾಳ ಕೈಗೆ ಕೊಟ್ಟದ್ದು ಇದೇ.

ಸೋಮವಾರ ಸಹನಾ ರಜೆಯಲ್ಲಿದ್ದಳು. ಕುಷ್ಟಗಿಗೆ ಹೋಗುತ್ತೇನೆ ಎಂದಿದ್ದಳು. ಕಂಪ್ಯೂಟರಿನಲ್ಲಿ ಹೆಸರು ತೆಗೆದರೆ ಗುರುತು ಉಳಿಯುತ್ತದೆ, ಅಜ್ಜನ ವಹಿಯಲ್ಲಿ ಉಳಿಯುವುದಿಲ್ಲ.

"ಏನ್ ತಂಗಿ, ಉಂಡಿ ಬಿಟ್ಟು ತಳ ನೋಡಾಕತ್ತಿ?" ಎಂದರು ಕೊಟ್ರಬಸಪ್ಪನವರು ಎರಡನೆಯ ಉಂಡಿಗೆ ಕೈ ಹಾಕುತ್ತ. "ಭಾಳ ಛಲೋ ಆಗ್ಯಾವ."

"ಏನಿಲ್ರಿ," ಎಂದು ಶೈಲಜಾ ಡಬ್ಬಿಯನ್ನು ತೊಡೆಯ ಮೇಲೆ, ಹೆಸರು ಕಾಣದ ಹಾಗೆ, ಇಟ್ಟುಕೊಂಡಳು.

ಅಷ್ಟರಲ್ಲಿ ಅವಳ ಸ್ವಂತ ಫೋನು ಬಡಿದುಕೊಂಡಿತು. ಸಹನಾ.

ಶೈಲಜಾ ಎದ್ದು ಹೊಸ್ತಿಲಿಗೆ ಬಂದಳು. ಡಬ್ಬಿ ಕೈಯಲ್ಲೇ ಇತ್ತು.

"ಅಕ್ಕಾರ, ಎಲ್ಲಿದ್ದೀರಿ? ಗಂಗಾವತಿಯವರು ಆಗಲೇ ಬಂದು ಕುಂತಾರ. ನನ್ನ ಮಾರಿನ ನೋಡಾಕತ್ತಾರ. ಕಳ್ಳ ಸಿಕ್ಕನೇನ್ರಿ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಹಿಂದೆ ಕೊಟ್ರಬಸಪ್ಪನವರು ಉಂಡಿ ಮೆಲ್ಲುತ್ತಿದ್ದರು. ಒಂದು ಮಾತು ಅವರ ಕಿವಿಗೆ ಬಿದ್ದರೆ ಸಾಕು, ಠಾಣೆಗೆ ಹೋಗಲು ನಾಲ್ಕು ಗಂಟೆಯವರೆಗೆ ಕಾಯುವುದೂ ಬೇಕಿರಲಿಲ್ಲ.

"ಇಲ್ಲವ್ವಾ," ಎಂದಳು ಶೈಲಜಾ. ಸಹನಾಳಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. "ಹಿಟ್ನಾಳದಾಗ ಅದೀವಿ. ಬರಾಕತ್ತೀವಿ."

ಒಳಗೆ ಗಡಿಯಾರ ಢಣ್ ಎಂದಿತು. ಮತ್ತೊಮ್ಮೆ. ಇನ್ನೊಮ್ಮೆ.

ಮೂರನೆಯ ಪೆಟ್ಟಿನ ಗುಂಯ್ ಎನ್ನುವ ಸದ್ದು ಅಡಗುವವರೆಗೂ ಆ ಕಡೆಯಿಂದ ಉಸಿರು ಕೂಡ ಕೇಳಲಿಲ್ಲ.

"ಅಕ್ಕಾರ," ಎಂದಳು ಸಹನಾ, ಮೆಲ್ಲಗೆ, ಮಲಗಿದವರನ್ನು ಎಬ್ಬಿಸುವ ಹಾಗೆ. "ಆ ಗಡಿಯಾರ ಹತ್ತು ನಿಮಿಷ ಮುಂದ ಐತ್ರಿ."